ತೊರೆಕಾಡನಹಳ್ಳಿ ಪಂಪ್‌ಹೌಸಿನಿಂದ ನಾನು ಕಲಿತ ಸಿಸ್‌ಎಂಎಲ್

ಕಾರು, ವಿಮಾನ, ರಕ್ಷಣಾ ಕ್ಷೇತ್ರದ ಕಂಪನಿಗಳ ಜಾಬ್ ಪೋಸ್ಟ್‌ಗಳಲ್ಲಿ ಈಗ ಎಂಬಿಎಸ್‌ಇ ಅನ್ನೋ ನಾಲ್ಕಕ್ಷರ ಕಣ್ಣಿಗೆ ಬೀಳುತ್ತೆ. ಮಾಡೆಲ್ ಬೇಸ್ಡ್ ಸಿಸ್ಟಮ್ಸ್ ಎಂಜಿನಿಯರಿಂಗ್. ಹೆಸರು ಕೇಳಿ ಹೆದರಬೇಡಿ. ಒಂದು ದೊಡ್ಡ ವ್ಯವಸ್ಥೆಯ ಮಾಹಿತಿಯನ್ನು ನೂರಾರು ವರ್ಡ್ ಫೈಲು, ಎಕ್ಸೆಲ್ ಶೀಟುಗಳಲ್ಲಿ ಚದುರಿಸಿಡುವ ಬದಲು, ಎಲ್ಲರೂ ನೋಡುವ ಒಂದೇ ಮಾಡೆಲ್‌ನಲ್ಲಿ ಇಡೋದು. ಅಷ್ಟೇ.

ಇದು ಯಾಕೆ ಬೇಕು? 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ಹೋಗಿ ನಾಶವಾಯಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂತ ಓದಿಕೊಂಡಿತ್ತು. ಬಿಡಿಭಾಗಗಳ ನಡುವಿನ ಇಂಥ ಒಪ್ಪಂದಗಳನ್ನು ಕಣ್ಣಿಗೆ ಕಾಣುವಂತೆ ಬರೆಯಲು ಇರುವ ಚಿತ್ರಭಾಷೆಯೇ ಸಿಸ್‌ಎಂಎಲ್. ಇದರ ಮೊದಲ ಆವೃತ್ತಿ ಬಂದದ್ದು 2007ರಲ್ಲಿ. ಅದರಲ್ಲಿ 9 ಬಗೆಯ ಡಯಾಗ್ರಮ್‌ಗಳಿವೆ.

ಆನ್‌ಲೈನ್ ಕೋರ್ಸುಗಳಲ್ಲಿ ಉದಾಹರಣೆಗೆ ಉಪಗ್ರಹವನ್ನೋ, ಕಾಫಿ ಮಷಿನ್ನನ್ನೋ ಕೊಡ್ತಾರೆ. ನಾನು ಮಳವಳ್ಳಿ ಕಡೆಯವನು. ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯನ್ನೇ ಅಭ್ಯಾಸಕ್ಕೆ ತಗೊಂಡೆ. ಬೆಂಗಳೂರಿಗೆ ಕಾವೇರಿ ನೀರು ಹತ್ತೋದು ಅಲ್ಲಿಂದಲೇ.

ಮೊದಲು ಬ್ಲಾಕ್, ಆಮೇಲೆ ಬಾಣ

ಬ್ಲಾಕ್ ಡಯಾಗ್ರಮ್ ಅಂದ್ರೆ ಮನೆಯವರ ಪಟ್ಟಿ ಇದ್ದಹಾಗೆ: ಯಾರ್ಯಾರು ಇದ್ದಾರೆ, ಯಾರು ಯಾರಿಗೆ ಸೇರಿದವರು. ನನ್ನ ಪಟ್ಟಿಯಲ್ಲಿ ಶಿವ ಅಣೆಕಟ್ಟೆ, ನೆಟ್ಕಲ್ ಸಮತೋಲನ ಜಲಾಶಯ, ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕ ಮತ್ತು ಪಂಪ್‌ಹೌಸ್, ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ಗಳು, ಕೊನೆಗೆ ನಗರದ ಜಲಾಶಯಗಳು ಬಂದವು.

ಇಂಟರ್ನಲ್ ಬ್ಲಾಕ್ ಡಯಾಗ್ರಮ್‌ನಲ್ಲಿ ಇವುಗಳ ನಡುವೆ ಏನು ಹರಿಯುತ್ತೆ ಅಂತ ಬರೀಬೇಕು. ಒಂದು ಬಾಣ ನೀರಿಗೆ, ಒಂದು ವಿದ್ಯುತ್ತಿಗೆ, ಒಂದು ಸಂದೇಶಕ್ಕೆ. ಹಾರೋಹಳ್ಳಿಯಲ್ಲಿ ಪಂಪ್ ನಿಂತರೆ ತೊರೆಕಾಡನಹಳ್ಳಿಗೆ ಅದು ಹೇಗೆ ಗೊತ್ತಾಗಬೇಕು? ಈ ಪ್ರಶ್ನೆ ಚಿತ್ರ ಬರೆಯುವಾಗ ತಾನಾಗೇ ಎದ್ದು ನಿಲ್ಲುತ್ತೆ.

ಅಗತ್ಯದ ಬೇರು

ರಿಕ್ವೈರ್‌ಮೆಂಟ್ ಡಯಾಗ್ರಮ್ ಅರ್ಥವಾಗಲು ನಮ್ಮ ಜಿಲ್ಲೆಯ ಇತಿಹಾಸವೇ ಸಾಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಗಣಿಗೆ ವರ್ಷವಿಡೀ ಕರೆಂಟ್ ಬೇಕು. ಇದು ಮೂಲ ಅಗತ್ಯ. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. ಹಾಗಾಗಿ ಮಳೆಗಾಲದ ನೀರನ್ನು ಕೂಡಿಡಬೇಕು. ಇದು ಅದರಿಂದ ಹುಟ್ಟಿದ ಅಗತ್ಯ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಅದನ್ನು ಪೂರೈಸಿತು. ಸಿಸ್‌ಎಂಎಲ್‌ನಲ್ಲಿ ಈ ಸಂಬಂಧಗಳಿಗೆ ಡಿರೈವ್, ಸ್ಯಾಟಿಸ್ಫೈ ಅಂತ ಹೆಸರು.

ಅದೇ ಕಟ್ಟೆಗೆ ಆಮೇಲೆ ವಿಶ್ವೇಶ್ವರಯ್ಯ ನಾಲೆ ಸೇರಿತು. ಮಂಡ್ಯ, ಮದ್ದೂರು ದಾಟಿ ಮಳವಳ್ಳಿವರೆಗೂ ಭತ್ತ, ಕಬ್ಬು ಬೆಳೆಯಿತು. ಕನ್ನಂಬಾಡಿ ಹಿಡಿಯೋದು 49.45 ಟಿಎಂಸಿ ನೀರು. ಅದನ್ನು ಕೇಳುವವರು ಮಾತ್ರ ಹೆಚ್ಚುತ್ತಲೇ ಹೋದರು.

ಲೆಕ್ಕ ಹೇಳಿದ ಕಥೆ

ನನಗೆ ತುಂಬಾ ಹಿಡಿಸಿದ್ದು ಪ್ಯಾರಾಮೆಟ್ರಿಕ್ ಡಯಾಗ್ರಮ್. ಇದರಲ್ಲಿ ಬ್ಲಾಕ್‌ಗಳಿಗೆ ಸಮೀಕರಣ ಕಟ್ಟಬಹುದು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. 86,400 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 9 ಟನ್ ನೀರು. ಎತ್ತಬೇಕಾದ ಎತ್ತರ ಒಟ್ಟು 500 ಮೀಟರ್ ಅಂತ ಹಿಡಿಯೋಣ. 9 ಅನ್ನು 9.8ರಿಂದ, ಆಮೇಲೆ 500ರಿಂದ ಗುಣಿಸಿ. ಸುಮಾರು 44,000 ಕಿಲೋವ್ಯಾಟ್, ಅಂದ್ರೆ 44 ಮೆಗಾವ್ಯಾಟ್. ಪಂಪು, ಪೈಪುಗಳಲ್ಲಿ ಆಗುವ ನಷ್ಟ ಬೇರೆ.

ಪಕ್ಕದಲ್ಲೇ ಇರುವ ಶಿವನಸಮುದ್ರ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 42 ಮೆಗಾವ್ಯಾಟ್! ಅದು ಪೂರ್ತಿ ಓಡಿದರೂ ಈ ಒಂದು ಹಂತದ ನೀರನ್ನು ಬೆಂಗಳೂರಿಗೆ ಎತ್ತಲು ಸಾಲದು. ಎರಡನ್ನೂ ಚಿಕ್ಕಂದಿನಿಂದ ನೋಡಿದವನು ನಾನು; ಒಂದರ ಪಕ್ಕ ಇನ್ನೊಂದನ್ನು ಇಟ್ಟು ತೂಗಿದ್ದು ಈ ಮಾಡೆಲ್‌ನಿಂದ.

ಗಡಿ ಎಳೆಯೋದು ಎಲ್ಲಿ?

ಭಾನುವಾರ ಊರಿಗೆ ಹೋದಾಗ ಲ್ಯಾಪ್‌ಟಾಪ್ ನೋಡಿದ ಅಪ್ಪ ಕೇಳಿದ್ದು ಒಂದೇ ಮಾತು: ‘ನಮ್ ಗದ್ದೆ ಎಲ್ಲದೆ ಮಗಾ ಇದ್ರಲ್ಲಿ?’

ನಮ್ಮದು ನಾಲೆಯ ಕೊನೆ ಭಾಗದ ಜಮೀನು. ಮೇಲಿನವರಿಗೆಲ್ಲ ಆದಮೇಲೆ ನಮಗೆ ನೀರು. ಕೆಲವು ವರ್ಷ ಅದೂ ಇಲ್ಲ. ಪಂಪ್‌ಹೌಸಿನಿಂದ ನಲ್ಲಿವರೆಗೆ ಗಡಿ ಎಳೆದರೆ ಅಪ್ಪನ ಗದ್ದೆ ಚಿತ್ರದ ಹೊರಗೆ. ಕನ್ನಂಬಾಡಿಯಿಂದ ಎಳೆದರೆ ಗದ್ದೆ, ತೂಬು, ನೀರುಗಂಟಿ, ಶಿವನಸಮುದ್ರದ ಟರ್ಬೈನು, ಬೆಂಗಳೂರಿನ ನನ್ನ ಬಾಡಿಗೆ ಮನೆ ಎಲ್ಲ ಒಂದೇ ಹಾಳೆಯಲ್ಲಿ. ಒಬ್ಬರಿಗೆ ಹೆಚ್ಚು ಬರೆದರೆ ಇನ್ನೊಬ್ಬರ ಅಂಕಿ ಕೆಂಪಾಗುತ್ತೆ. ಯಾರಿಗೆ ಎಷ್ಟು ಅನ್ನೋದನ್ನು ಮಾಡೆಲ್ ತೀರ್ಮಾನ ಮಾಡಲ್ಲ. ಆದ್ರೆ ಯಾರನ್ನು ಲೆಕ್ಕಕ್ಕೇ ತಗೊಂಡಿಲ್ಲ ಅನ್ನೋದನ್ನು ಮುಚ್ಚಿಡಲಿಕ್ಕೂ ಬಿಡಲ್ಲ. ಈ ಕೆಲಸದಲ್ಲಿ ಮೊದಲು ಕಲಿಯಬೇಕಾದ್ದು ಇದನ್ನೇ.

ಶುರು ಮಾಡೋರಿಗೆ

• ದುಡ್ಡು ಖರ್ಚು ಮಾಡೋ ಮುಂಚೆ ಎಕ್ಲಿಪ್ಸ್ ಪ್ಯಾಪಿರಸ್ ಹಾಕ್ಕೊಳ್ಳಿ, ಉಚಿತ. ಕ್ಯಾಪೆಲ್ಲಾ ಕೂಡ ಉಚಿತ, ಆದರೆ ಅದರ ಭಾಷೆ ಸ್ವಲ್ಪ ಬೇರೆ. ಕೆಮಿಯೋದಂಥ ಟೂಲ್‌ಗಳು ಕಂಪನಿಯಲ್ಲಿ ಸಿಗುತ್ತವೆ.
• 9 ಡಯಾಗ್ರಮ್‌ಗಳನ್ನೂ ಒಟ್ಟಿಗೆ ಹಿಡೀಬೇಡಿ. ರಿಕ್ವೈರ್‌ಮೆಂಟ್, ಬ್ಲಾಕ್, ಇಂಟರ್ನಲ್ ಬ್ಲಾಕ್, ಸ್ಟೇಟ್ ಮಷಿನ್ ಈ ನಾಲ್ಕು ಮೊದಲು.
• 2025ರಲ್ಲಿ ಸಿಸ್‌ಎಂಎಲ್‌ನ 2ನೇ ಆವೃತ್ತಿ ಅಧಿಕೃತವಾಗಿದೆ. ಅದರಲ್ಲಿ ಚಿತ್ರದ ಜೊತೆ ಕೋಡ್‌ನಂತೆ ಅಕ್ಷರದಲ್ಲೂ ಬರೆಯಬಹುದು. ಸೇರುವ ಕಂಪನಿ ಯಾವುದನ್ನು ಬಳಸುತ್ತೆ ಅಂತ ಕೇಳಿಕೊಳ್ಳಿ.
• ಸಂದರ್ಶನಕ್ಕೆ ಸರ್ಟಿಫಿಕೇಟ್ ಜೊತೆ ನಿಮ್ಮದೇ ಒಂದು ಮಾಡೆಲ್ ಒಯ್ಯಿರಿ. ಆಲೆಮನೆ ಆಗಬಹುದು, ಹಾಲಿನ ಡೇರಿ ಆಗಬಹುದು. ಕೇಳಿದ ಪ್ರಶ್ನೆಗೆ ಬಾಯಿಪಾಠವಿಲ್ಲದೆ ಉತ್ತರ ಬರುತ್ತೆ.

ಚಿತ್ರ ಮುಗಿದ ಮೇಲೆ ಆ ವ್ಯವಸ್ಥೆಯನ್ನೇ ನಂಬಿ ಬದುಕುವ ಒಬ್ಬರಿಗೆ ತೋರಿಸಿ. ಅವರು ‘ನಾನೆಲ್ಲಿದ್ದೀನಿ?’ ಅಂತ ಕೇಳಿದರೆ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ.