ನಮ್ಮ ಫೋನಿಗೆ ಯಾವ ಬ್ರೌಸರ್?

ಫೋನ್ ತೆರೆಯಿರಿ. ಒಂದು ದುಂಡನೆಯ ಗುರುತು ಕಾಣುತ್ತದೆಯೇ? ಸುತ್ತ ಕೆಂಪು, ಹಳದಿ, ಹಸಿರು. ನಡುವೆ ನೀಲಿ ಬೊಟ್ಟು. ಅದರ ಹೆಸರು ಕ್ರೋಮ್. ಕ್ರೋಮ್ ಒಂದು ಬ್ರೌಸರ್.

ಬ್ರೌಸರ್ ಅಂದರೆ ಏನು? ಅದನ್ನು ಬಸ್ಸು ಅಂತ ಇಟ್ಟುಕೊಳ್ಳೋಣ. ಇಂಟರ್ನೆಟ್ ಅನ್ನೋದು ರಸ್ತೆ. ವೆಬ್‌ಸೈಟು ಅನ್ನೋದು ಊರು. ಸರ್ಕಾರದ ಸೇವಾ ಸಿಂಧು ಒಂದು ಊರು. ಬ್ಯಾಂಕಿನ ಪುಟ ಇನ್ನೊಂದು ಊರು. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಬಸ್ಸೇ ಬ್ರೌಸರ್.

ಒಂದೇ ಊರಿಗೆ ಬೇರೆ ಬೇರೆ ಬಸ್ಸು ಇರುತ್ತವೆ ಅಲ್ಲವೇ? ಇಲ್ಲೂ ಹಾಗೇ. ಕ್ರೋಮ್ ಒಂದೇ ಅಲ್ಲ. ಫೈರ್‌ಫಾಕ್ಸ್ ಇದೆ. ಅದರ ಗುರುತು ಸುತ್ತಿಕೊಂಡು ಮಲಗಿದ ನರಿ. ಬ್ರೇವ್ ಇದೆ. ಅದರ ಗುರುತು ಸಿಂಹದ ಮುಖ. ನೀಲಿ ಹಸಿರು ಅಲೆಯ ಗುರುತಿನದು ಎಡ್ಜ್. ಐಫೋನ್ ಇಟ್ಟುಕೊಂಡವರ ಸಫಾರಿಗೆ ದಿಕ್ಸೂಚಿಯ ಗುರುತು. ಯಾವುದರಲ್ಲಿ ಹೋದರೂ ಸೇವಾ ಸಿಂಧು ಅದೇ. ಬ್ಯಾಂಕೂ ಅದೇ.

ಇವೆಲ್ಲ ಪುಕ್ಕಟೆ. ಯಾಕೆ ಪುಕ್ಕಟೆ? ಇದನ್ನು ನಾವು ಕೇಳಲೇಬೇಕು.

2023ರ ಜೂನ್‌ನಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಇದೆ. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡುವುದಿಲ್ಲ. ಆದರೆ ಆ ಟಿಕೆಟ್ಟಿನ ಹಣವನ್ನು ಸರ್ಕಾರ ಕೊಡುತ್ತದೆ. ಡೀಸೆಲ್ ಯಾರಿಗೂ ಪುಕ್ಕಟೆ ಸಿಗೋದಿಲ್ಲ. ಹಾಗೆಯೇ ಬ್ರೌಸರಿನ ಖರ್ಚನ್ನೂ ಯಾರೋ ಕೊಡುತ್ತಾರೆ.

ಕ್ರೋಮ್ ಮಾಡಿದ್ದು ಗೂಗಲ್ ಕಂಪನಿ. 2008ರಲ್ಲಿ ಅದು ಬಂತು. ಗೂಗಲ್ಲಿನ ದೊಡ್ಡ ಸಂಪಾದನೆ ಜಾಹೀರಾತಿನದು. ನಮಗೆ ಏನು ಬೇಕು ಅಂತ ಗೊತ್ತಾದರೆ, ಅದಕ್ಕೆ ತಕ್ಕ ಜಾಹೀರಾತು ತೋರಿಸಬಹುದು. ಫೈರ್‌ಫಾಕ್ಸ್ ಮಾಡಿದ್ದು ಮೊಝಿಲ್ಲಾ. ಇದು ಲಾಭಕ್ಕಾಗಿ ನಡೆಯದ ಒಂದು ಪ್ರತಿಷ್ಠಾನಕ್ಕೆ ಸೇರಿದ ಸಂಸ್ಥೆ. ಆದರೆ ಇದಕ್ಕೂ ಬಹುಪಾಲು ಹಣ ಗೂಗಲ್ಲಿನಿಂದಲೇ ಬರುತ್ತದೆ! ಫೈರ್‌ಫಾಕ್ಸಿನಲ್ಲಿ ಹುಡುಕುವಾಗ ಮೊದಲು ಗೂಗಲ್ಲೇ ಬರಲಿ ಅಂತ ಗೂಗಲ್ ದುಡ್ಡು ಕೊಡುತ್ತದೆ. ಯಾರೂ ಪೂರ್ತಿ ಸನ್ಯಾಸಿಗಳಲ್ಲ ಅಂತ ತಿಳಿದೇ ನಾವು ಆರಿಸಬೇಕು.

ಹಾಗಾದರೆ ಹೆಚ್ಚು ಜನರ ಫೋನಿನಲ್ಲಿ ಕ್ರೋಮ್ ಯಾಕೆ ಇದೆ? ಜನ ಆರಿಸಿದ್ದಕ್ಕಲ್ಲ. ಫೋನಿನ ಜೊತೆ ಅದು ಬಂದಿತ್ತು, ಅದಕ್ಕೆ. ಇದರ ಬಗ್ಗೆ ನಮ್ಮ ದೇಶದಲ್ಲೇ ವಿಚಾರಣೆ ನಡೆದಿದೆ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಫೋನ್ ಮಾಡುವ ಕಂಪನಿಗಳು ಗೂಗಲ್ಲಿನ ಆಪ್‌ಗಳ ಕಂತೆಯನ್ನು ಮೊದಲೇ ಹಾಕಿ ಕೊಡಬೇಕಾಗಿತ್ತು. ಆ ಕಂತೆಯಲ್ಲಿ ಕ್ರೋಮ್ ಕೂಡ ಇತ್ತು. ದಂಡಕ್ಕೆ ಇದೂ ಒಂದು ಕಾರಣ. ಗೂಗಲ್ ಮೇಲ್ಮನವಿ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ಆದೇಶಗಳನ್ನು ತೆಗೆದುಹಾಕಿತು. ದಂಡವನ್ನು ಮಾತ್ರ ಹಾಗೇ ಉಳಿಸಿತು.

ಕ್ರೋಮ್ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಅದರಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ಇಂಗ್ಲಿಷ್ ಪುಟವನ್ನು ಅದು ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಭಾಷೆ ಕೆಲವು ಸಲ ಸೊಟ್ಟಗಿರುತ್ತದೆ, ನಗು ಬರುತ್ತದೆ. ಆದರೂ ವಿಷಯ ತಿಳಿಯುತ್ತದೆ. ಅಕ್ಷರ ಸಣ್ಣದಾಗಿ ಕಂಡರೆ ದೊಡ್ಡದು ಮಾಡಿಕೊಳ್ಳಬಹುದು. ಈ ಸೌಲಭ್ಯ ಫೈರ್‌ಫಾಕ್ಸಿನಲ್ಲೂ ಇದೆ.

ಈಗ ಮುಖ್ಯ ಮಾತಿಗೆ ಬರೋಣ. ಗುಟ್ಟಿನ ಮಾತು.

ಎಷ್ಟೋ ಮನೆಗಳಲ್ಲಿ ಒಂದೇ ಫೋನು. ಗಂಡ, ಮಗ, ಅತ್ತೆ ಎಲ್ಲರೂ ಮುಟ್ಟುತ್ತಾರೆ. ಒಬ್ಬ ಹೆಣ್ಣುಮಗಳಿಗೆ ಬಿಳಿ ಮುಟ್ಟಿನ ತೊಂದರೆ ಇದೆ ಅನ್ನಿ. ಅಥವಾ ಸದ್ಯಕ್ಕೆ ಮಗು ಬೇಡ, ಏನು ಮಾಡಬೇಕು ಅಂತ ತಿಳಿಯಬೇಕು ಅನ್ನಿ. ಗಂಡ ಹೊಡೆದರೆ ಯಾರಿಗೆ ಹೇಳಬೇಕು ಅಂತ ಹುಡುಕಬೇಕು ಅನ್ನಿ. ಆಸ್ಪತ್ರೆಯಲ್ಲಿ ಕೇಳೋಕೆ ನಾಚಿಕೆ. ಫೋನಿನಲ್ಲಿ ಕೇಳುತ್ತಾಳೆ. ಕೇಳಬೇಕು, ತಪ್ಪಿಲ್ಲ. ಆದರೆ ಬ್ರೌಸರ್ ಅದನ್ನೆಲ್ಲ ಬರೆದಿಡುತ್ತದೆ. ಆ ಪಟ್ಟಿಗೆ ಹಿಸ್ಟರಿ ಅಂತ ಹೆಸರು. ಫೋನ್ ಹಿಡಿದವರು ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಮ್ಮನಿಗೆ ಫೋನ್ ತಂದಾಗ ಮಗ ತನ್ನ ಜಿಮೇಲನ್ನೇ ಹಾಕಿ ಕೊಟ್ಟಿರುತ್ತಾನೆ. ಆಗ ಅಮ್ಮ ಹುಡುಕಿದ್ದು ಮಗನ ಫೋನಿನಲ್ಲೂ ಕಾಣಬಹುದು. ಅವನು ಬೆಂಗಳೂರಿನಲ್ಲಿ ಇದ್ದರೂ ಕಾಣಬಹುದು. ಅದಕ್ಕೇ ನಿಮ್ಮ ಫೋನಿನಲ್ಲಿ ಯಾರ ಜಿಮೇಲ್ ಇದೆ ಅಂತ ಮೊದಲು ನೋಡಿಕೊಳ್ಳಿ.

ಇದಕ್ಕೆ ಒಂದು ಉಪಾಯ ಇದೆ. ಕ್ರೋಮಿನ ಮೂಲೆಯಲ್ಲಿ ಮೂರು ಚುಕ್ಕೆ ಇವೆ. ಅದನ್ನು ಒತ್ತಿದರೆ ಇನ್‌ಕಾಗ್ನಿಟೊ ಅಂತ ಒಂದು ದಾರಿ ಸಿಗುತ್ತದೆ. ಟೋಪಿ, ಕನ್ನಡಕ ಅದರ ಗುರುತು. ಫೈರ್‌ಫಾಕ್ಸಿನಲ್ಲಿ ಇದಕ್ಕೆ ಮುಖವಾಡದ ಗುರುತು. ಇಲ್ಲಿ ನೋಡಿದ್ದನ್ನು ಬ್ರೌಸರ್ ಪಟ್ಟಿಯಲ್ಲಿ ಬರೆದಿಡುವುದಿಲ್ಲ. ಕೆಲಸ ಮುಗಿದ ಮೇಲೆ ಆ ಪುಟವನ್ನು ಮುಚ್ಚಬೇಕು. ಮುಚ್ಚದೆ ಫೋನ್ ಇಟ್ಟರೆ ಉಪಯೋಗ ಇಲ್ಲ.

ಫೈರ್‌ಫಾಕ್ಸಿನಲ್ಲಿ ಇನ್ನೊಂದು ಸೌಲಭ್ಯ ಇದೆ. ಹೊರಗೆ ಬರುವಾಗ ಎಲ್ಲ ತಾನೇ ಅಳಿಸಿಹೋಗುವ ಹಾಗೆ ಅದರ ಸೆಟ್ಟಿಂಗ್ಸ್‌ನಲ್ಲಿ ಹೇಳಿಡಬಹುದು. ಒಂದೇ ಫೋನಿರುವ ಮನೆಗೆ ಇದು ಒಳ್ಳೆಯದು ಅಂತ ನಮಗೆ ಅನಿಸುತ್ತದೆ. ಪ್ರತಿ ಸಲ ನೆನಪಿಟ್ಟುಕೊಳ್ಳುವ ಕಷ್ಟ ಇಲ್ಲ.

ಆದರೆ ಟೋಪಿ ಹಾಕಿದ ಕೂಡಲೇ ಎಲ್ಲರಿಂದ ಮರೆಯಾದೆವು ಅಂದುಕೊಳ್ಳಬೇಡಿ. ಮನೆಯವರ ಕಣ್ಣಿಗೆ ಮರೆ, ಅಷ್ಟೆ. ನಾವು ಹೋದ ವೆಬ್‌ಸೈಟಿಗೆ ಗೊತ್ತಾಗುತ್ತದೆ. ಫೋನಿನ ನೆಟ್ ಕೊಡುವ ಕಂಪನಿಗೆ ನಾವು ಯಾವ ವೆಬ್‌ಸೈಟಿಗೆ ಹೋದೆವು ಅಂತ ಗೊತ್ತಾಗಬಹುದು. ಅಮೆರಿಕದಲ್ಲಿ ಇದೇ ವಿಷಯಕ್ಕೆ 2020ರಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಿದರು. "ಟೋಪಿ ಹಾಕಿದರೂ ನಮ್ಮ ಮಾಹಿತಿ ತೆಗೆದುಕೊಂಡಿರಿ" ಅನ್ನೋದು ಜನರ ದೂರು. 2024ರಲ್ಲಿ ರಾಜಿ ಆಯಿತು. ಹಾಗೆ ಸೇರಿಸಿಟ್ಟ ಮಾಹಿತಿಯನ್ನು ಅಳಿಸುತ್ತೇವೆ ಅಂತ ಗೂಗಲ್ ಒಪ್ಪಿತು.

ಕಂಪನಿಗಳು ನಮ್ಮನ್ನು ಹಿಂಬಾಲಿಸುವುದು ಹೇಗೆ? ಕುಕ್ಕಿ ಅನ್ನುವ ಚೀಟಿಯಿಂದ. ತಿನ್ನುವ ಕುಕ್ಕಿ ಅಲ್ಲ! ಒಂದು ಅಂಗಡಿಗೆ ಹೋಗುತ್ತೀರಿ. ಅಲ್ಲಿ ನಿಮಗೆ ಗೊತ್ತಾಗದ ಹಾಗೆ ಸೆರಗಿಗೆ ಒಂದು ಚೀಟಿ ಸಿಕ್ಕಿಸುತ್ತಾರೆ. ಅಂಗಡಿಯವರೇ ಸಿಕ್ಕಿಸಿದ ಚೀಟಿಯಿಂದ ಅಷ್ಟು ತೊಂದರೆ ಇಲ್ಲ. ಮತ್ತೆ ಹೋದಾಗ ನಿಮ್ಮ ಗುರುತು ಹಿಡಿಯುತ್ತಾರೆ, ಅಷ್ಟೆ. ಆದರೆ ಅಂಗಡಿಯ ಮೂಲೆಯಲ್ಲಿ ಜಾಹೀರಾತಿನವನೂ ನಿಂತಿರುತ್ತಾನೆ. ಅವನೂ ಒಂದು ಚೀಟಿ ಸಿಕ್ಕಿಸುತ್ತಾನೆ. ಮುಂದಿನ ಅಂಗಡಿಯಲ್ಲೂ ಅವನ ಕಡೆಯವರು ಇರುತ್ತಾರೆ. ಚೀಟಿ ಓದುತ್ತಾರೆ. ಬೆಳಿಗ್ಗೆ ಮುಟ್ಟಿನ ಔಷಧಿ ಹುಡುಕಿದಿರಿ. ಸಂಜೆ ಅಡುಗೆ ಪುಟ ತೆರೆದರೆ ಅಲ್ಲೂ ಮುಟ್ಟಿನ ಔಷಧಿಯ ಜಾಹೀರಾತು. ಆಗ ಫೋನು ಮಗನ ಕೈಯಲ್ಲಿ ಇದ್ದರೆ?

ಈ ಎರಡನೆಯ ಚೀಟಿಯ ವಿಷಯದಲ್ಲೇ ಬ್ರೌಸರುಗಳ ನಡುವೆ ದೊಡ್ಡ ವ್ಯತ್ಯಾಸ. ಫೈರ್‌ಫಾಕ್ಸ್ 2019ರಿಂದ ಇಂಥ ಚೀಟಿಗಳನ್ನು ತಾನಾಗಿಯೇ ತಡೆಯುತ್ತಿದೆ. ಸಫಾರಿ 2020ರಿಂದ ಪೂರ್ತಿ ತಡೆಯುತ್ತಿದೆ. ಬ್ರೇವ್ ಕೂಡ ತಡೆಯುತ್ತದೆ. ಕ್ರೋಮಿನಲ್ಲೂ ಇದನ್ನು ನಿಲ್ಲಿಸುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿತ್ತು. ಮುಂದೂಡುತ್ತಾ ಹೋಯಿತು. 2024ರ ಜುಲೈನಲ್ಲಿ ಆ ಯೋಚನೆಯನ್ನೇ ಬಿಟ್ಟಿತು. ಕ್ರೋಮಿನಲ್ಲಿ ಬೇಡ ಅನ್ನುವವರು ಸೆಟ್ಟಿಂಗ್ಸ್‌ಗೆ ಹೋಗಿ ತಾವೇ ತಡೆಯಬೇಕು. ತಡೆಯಲು ಬರುತ್ತದೆ. ಆದರೆ ಕಳ್ಳ ಬಂದ ಮೇಲೆ ಹುಡುಕಿ ಹಾಕುವ ಚಿಲಕಕ್ಕಿಂತ ಮೊದಲೇ ಹಾಕಿದ ಚಿಲಕ ಮೇಲಲ್ಲವೇ?

ಇನ್ನು ಎಕ್ಸ್‌ಟೆನ್ಶನ್. ಹೊಲಿಗೆ ಯಂತ್ರ ನೋಡಿದ್ದೀರಿ. ಜಿಪ್ ಹೊಲಿಯಲು ಒಂದು ಪಾದ, ಅಂಚು ಮಡಿಚಲು ಇನ್ನೊಂದು ಪಾದ. ಯಂತ್ರ ಒಂದೇ, ಪಾದ ಬೇರೆ. ಎಕ್ಸ್‌ಟೆನ್ಶನ್ ಕೂಡ ಹಾಗೇ. ಬ್ರೌಸರಿಗೆ ಜೋಡಿಸಿದರೆ ಹೊಸ ಕೆಲಸ ಮಾಡುತ್ತದೆ. ಯುಬ್ಲಾಕ್ ಒರಿಜಿನ್ ಅಂತ ಒಂದಿದೆ. ಅದು ಜಾಹೀರಾತುಗಳನ್ನು ತಡೆಯುತ್ತದೆ. ಜಾಹೀರಾತು ಇಳಿಯದಿದ್ದರೆ ನೆಟ್ಟಿನ ಡೇಟಾ ಉಳಿಯುತ್ತದೆ. "ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ" ಅನ್ನುವ ಕಾಟವೂ ಕಡಿಮೆ.

ಆಂಡ್ರಾಯ್ಡ್ ಫೋನಿನ ಕ್ರೋಮಿಗೆ ಈ ಪಾದ ಜೋಡಿಸಲು ಬರುವುದಿಲ್ಲ. ಫೈರ್‌ಫಾಕ್ಸಿಗೆ ಬರುತ್ತದೆ. 2023ರ ಡಿಸೆಂಬರ್‌ನಿಂದ ಫೋನಿನ ಫೈರ್‌ಫಾಕ್ಸಿಗೆ ನೂರಾರು ಎಕ್ಸ್‌ಟೆನ್ಶನ್ ಸಿಗುತ್ತಿವೆ. ಕಂಪ್ಯೂಟರಿನ ಕ್ರೋಮಿನಲ್ಲಿ ಎಕ್ಸ್‌ಟೆನ್ಶನ್ ಇವೆ. ಆದರೆ ಗೂಗಲ್ ನಿಯಮ ಬದಲಿಸಿದ ಮೇಲೆ ಹಳೆಯ ಯುಬ್ಲಾಕ್ ಅಲ್ಲಿ ನಡೆಯುವುದಿಲ್ಲ. ಶಕ್ತಿ ಕಡಿಮೆಯಾದ ಒಂದು ಚಿಕ್ಕ ಯುಬ್ಲಾಕ್ ಮಾತ್ರ ಇದೆ.

ಆದರೆ ಸಿಕ್ಕಸಿಕ್ಕ ಪಾದ ಜೋಡಿಸಬೇಡಿ. ಎಕ್ಸ್‌ಟೆನ್ಶನ್ ಹಾಕುವಾಗ ಅದು ಅನುಮತಿ ಕೇಳುತ್ತದೆ. "ನೀವು ನೋಡುವ ಎಲ್ಲ ಪುಟ ಓದಬಹುದೇ, ಬದಲಿಸಬಹುದೇ" ಅನ್ನುತ್ತದೆ. ಎಲ್ಲ ಪುಟ ಅಂದರೆ ಬ್ಯಾಂಕಿನ ಪುಟವೂ ಸೇರಿತು. ಕ್ರೋಮಿಗೆ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಶನ್ ಇತ್ತು. ಒಳ್ಳೆಯದೇ ಆಗಿತ್ತು. 20 ಲಕ್ಷಕ್ಕೂ ಹೆಚ್ಚು ಜನ ಹಾಕಿಕೊಂಡಿದ್ದರು. ಮಾಡಿದವನು 2020ರಲ್ಲಿ ಅದನ್ನು ಬೇರೆಯವರಿಗೆ ಮಾರಿದ. ಕೊಂಡವರು ಅದರೊಳಗೆ ಕೆಟ್ಟ ಕೆಲಸ ಸೇರಿಸಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಬಾಡಿಗೆಗೆ ಇದ್ದ ಒಳ್ಳೆಯವರು ಕೀಲಿಕೈಯನ್ನು ಗೊತ್ತಿಲ್ಲದವರಿಗೆ ಕೊಟ್ಟು ಹೋದ ಹಾಗೆ! ಒಂದು ಸಾಕು, ಹೆಚ್ಚೆಂದರೆ ಎರಡು.

ಹಳೆಯ ಫೋನಿನಲ್ಲಿ ಯುಸಿ ಬ್ರೌಸರ್ ಇದೆಯೇ? ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಬಹಳ ಜನ ಅದನ್ನು ಇಟ್ಟುಕೊಂಡಿದ್ದರು. 2020ರ ಜೂನ್ 29ರಂದು ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಇದೂ ಒಂದು. ಇದ್ದರೆ ತೆಗೆದುಬಿಡಿ.

ನಮ್ಮನ್ನು ಕೇಳಿದರೆ, ಎರಡು ಬ್ರೌಸರ್ ಇಟ್ಟುಕೊಳ್ಳಿ ಅನ್ನುತ್ತೇವೆ. ಇಂಗ್ಲಿಷ್ ಪುಟ ಕನ್ನಡದಲ್ಲಿ ಬೇಕಾದಾಗ ಕ್ರೋಮ್ ಇರಲಿ. ಮೈಯ ವಿಷಯ, ಮನಸ್ಸಿನ ವಿಷಯ ಹುಡುಕುವಾಗ ಫೈರ್‌ಫಾಕ್ಸ್ ಇರಲಿ. ಹಾಕಿಕೊಳ್ಳುವುದು ಸುಲಭ. ಪ್ಲೇ ಸ್ಟೋರ್ ತೆರೆಯಿರಿ. ಫೈರ್‌ಫಾಕ್ಸ್ ಅಂತ ಹುಡುಕಿ. ಕೆಳಗೆ ಮೊಝಿಲ್ಲಾ ಅಂತ ಹೆಸರು ಇದೆಯೇ ನೋಡಿ. ಇದ್ದರೆ ಮಾತ್ರ ಇನ್‌ಸ್ಟಾಲ್ ಒತ್ತಿ. ದುಡ್ಡು ಕೇಳುವುದಿಲ್ಲ. ಜಿಮೇಲ್ ಹಾಕಲೇಬೇಕು ಅಂತಲೂ ಇಲ್ಲ. ಒಂದು ವಾರ ಬಳಸಿ ನೋಡಿ. ಹಿಡಿಸದಿದ್ದರೆ ನರಿಯ ಗುರುತನ್ನು ಒತ್ತಿ ಹಿಡಿಯಿರಿ. ತೆಗೆದುಹಾಕುವ ದಾರಿ ಅಲ್ಲೇ ಕಾಣುತ್ತದೆ.