ಪೀಣ್ಯದಲ್ಲಿ ಸಿಗದ ವಾಲ್ವ್

ಪೀಣ್ಯ ಎರಡನೇ ಹಂತದಲ್ಲಿ ಯಾವ ಶೆಡ್ಡಿಗೆ ಬೇಕಾದರೂ ಹೋಗಿ, "ವಾಲ್ವ್ ಮಾಡಿಕೊಡ್ತೀರಾ ಸಾರ್?" ಅಂತ ಕೇಳಿ ನೋಡಿ. "ಡ್ರಾಯಿಂಗ್ ತನ್ನಿ, ನೋಡೋಣ" ಅನ್ನೋ ಉತ್ತರ ಗ್ಯಾರಂಟಿ. ಅದು ಜಂಬದ ಮಾತಲ್ಲ. ನೀರಿನ ಪೈಪಿನದು, ಹೈಡ್ರಾಲಿಕ್ ಪ್ರೆಸ್ಸಿನದು, ಬಾಯ್ಲರಿನದು, ಎಲ್ಲ ಥರದ ವಾಲ್ವಿಗೂ ಅಲ್ಲಿ ಕೈ ಪಳಗಿದವರು ಇದ್ದಾರೆ. ಆದರೆ "ಚಿಪ್ ತಯಾರಿಸುವ ಯಂತ್ರದ ಗ್ಯಾಸ್ ಲೈನಿಗೆ ಬೇಕು" ಅಂದ ತಕ್ಷಣ ಎದುರಿನವರು ಪೆನ್ನು ಕೆಳಗಿಡ್ತಾರೆ. ಡ್ರಾಯಿಂಗ್ ಇದ್ದರೂ ಆಗದ ಕೆಲಸ ಅದು ಅಂತ ಅವರಿಗೆ ಗೊತ್ತು.

ನಾನು ಚಿಪ್ ಯಂತ್ರಗಳಿಗೆ ಬಿಡಿಭಾಗ ಕೊಳ್ಳುವ ವಿಭಾಗದಲ್ಲಿದ್ದೇನೆ. ಮನೆ ಯಲಹಂಕ ನ್ಯೂಟೌನಿನಲ್ಲಿ, ಆಫೀಸು ಊರಿನ ಇನ್ನೊಂದು ತುದಿಯಲ್ಲಿ. ಹೀಗಾಗಿ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು ಯೋಚನೆ ಮಾಡೋಕೆ ದಿನಾ ಬೇಕಾದಷ್ಟು ಟೈಮ್ ಸಿಗುತ್ತೆ. ಮದುವೆ ಮನೆಗಳಲ್ಲಿ "ಚಿಪ್ಸ್ ಕಂಪನಿನಾ?" ಅಂತ ಕೇಳುವವರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಆದರೆ ಕಳೆದ ಒಂದು ವರ್ಷದಿಂದ ನಮ್ಮ ಮನೆಯಲ್ಲೇ ಒಬ್ಬರಿಗೆ ಈ ವಾಲ್ವಿನ ಪ್ರಶ್ನೆ ತುಂಬಾ ಸೀರಿಯಸ್ಸಾಗಿದೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಒದ್ದೆ ಚಮಚದ ಕಥೆ

ಮೊದಲು ಈ ವಾಲ್ವ್ ಏನು ಮಾಡುತ್ತೆ ಅನ್ನೋದನ್ನ ನೋಡೋಣ. ಸಿಲಿಕಾನ್ ಬಿಲ್ಲೆಯ ಮೇಲೆ ಪದರದ ಮೇಲೆ ಪದರ ಕೂರಿಸುತ್ತಾ, ಬೇಡದ್ದನ್ನು ಕೆತ್ತಿ ತೆಗೆಯುತ್ತಾ ಹೋದರೆ ಚಿಪ್ ಆಗುತ್ತದೆ. ಇವೆರಡಕ್ಕೂ ಅನಿಲಗಳು ಬೇಕು. ಅವೇನು ಸಾಧಾರಣ ಅನಿಲಗಳಲ್ಲ. ಸೈಲೇನ್ ಗಾಳಿ ಸೋಕಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆರ್ಸೀನ್ ಸ್ವಲ್ಪವೇ ಉಸಿರಿಗೆ ಹೋದರೂ ಪ್ರಾಣಕ್ಕೆ ಕುತ್ತು. ಹೊರಗೆ ಸೋರಿದರೆ ಮನುಷ್ಯರಿಗೆ ಅಪಾಯ, ಹೊರಗಿನ ಗಾಳಿ ಒಳಗೆ ನುಸುಳಿದರೆ ಲಕ್ಷಾಂತರ ರೂಪಾಯಿಯ ಬಿಲ್ಲೆಗಳು ಕಸದ ಬುಟ್ಟಿಗೆ.

ಅಜ್ಜಿ ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕೋಕೆ ಬಿಡ್ತಿರಲಿಲ್ಲ ಅಲ್ವಾ? ಚಮಚ ತೊಳೆದದ್ದೇ, ಕಣ್ಣಿಗೆ ಕ್ಲೀನಾಗಿಯೇ ಇರುತ್ತೆ. ಆದರೂ ಆ ಒಂದು ಹನಿ ನೀರು ಸಾಕು, ಇಡೀ ಜಾಡಿ ಬೂಸ್ಟು ಹಿಡಿಯೋಕೆ. ಪೀಣ್ಯದ ಒಳ್ಳೆಯ ವಾಲ್ವ್ ಚಿಪ್ ಕಾರ್ಖಾನೆಯ ಮಟ್ಟಿಗೆ ಒಂದು ಒದ್ದೆ ಚಮಚ. ಅದರೊಳಗೆ ಗ್ರೀಸು ಇರುತ್ತೆ, ರಬ್ಬರ್ ಸೀಲು ಇರುತ್ತೆ, ಕಣ್ಣಿಗೆ ಕಾಣದ ಗೀರುಗಳಲ್ಲಿ ತೇವಾಂಶ ಅಡಗಿರುತ್ತೆ.

ಹಾಗಾಗಿ ಹೈ ಪ್ಯೂರಿಟಿ ವಾಲ್ವಿನೊಳಗೆ ಅನಿಲ ಹರಿಯೋ ದಾರಿಯಲ್ಲಿ ಗ್ರೀಸೇ ಇಲ್ಲ. ತೆಳ್ಳನೆಯ ಲೋಹದ ಒಂದು ಡಯಾಫ್ರಾಮು ಬಾಗಿ ಕೆಳಗಿಳಿದು ದಾರಿ ಮುಚ್ಚುತ್ತದೆ. ಇಷ್ಟೇ ಮೆಕ್ಯಾನಿಸಂ, ಶಾಲೆಯ ಹುಡುಗರಿಗೂ ಅರ್ಥವಾಗುತ್ತೆ. ಕಷ್ಟ ಇರೋದು ಇದರ ಲೆಕ್ಕಗಳಲ್ಲಿ. ಸೋರಿಕೆಯನ್ನೇ ತಗೊಳ್ಳಿ. ಹೀಲಿಯಂ ಹಾಕಿ ಪರೀಕ್ಷೆ ಮಾಡ್ತಾರೆ. ಸಾಮಾನ್ಯವಾಗಿ ಕೇಳುವ ಮಿತಿಯಲ್ಲಿ, ಒಂದು ಸಿಸಿ ಹೀಲಿಯಂ ಹೊರಗೆ ಹೋಗೋಕೆ ಸುಮಾರು 32 ವರ್ಷ ಬೇಕು. ಅಷ್ಟಕ್ಕಿಂತ ಬೇಗ ಸೋರಿದರೆ ವಾಲ್ವ್ ರಿಜೆಕ್ಟ್.

ಒಳಮೈಯ ನುಣುಪು 0.25 ಮೈಕ್ರಾನಿಗಿಂತ ಕಡಿಮೆ ಇರಬೇಕು, ಕೆಲವು ಕಡೆ 0.13. ನಮ್ಮ ತಲೆಗೂದಲ ದಪ್ಪದ ಇನ್ನೂರನೇ ಒಂದು ಪಾಲಿಗಿಂತಲೂ ಸಣ್ಣ ಏರಿಳಿತ ಅದು. ಲೇತಿನಲ್ಲಿ ಎಷ್ಟೇ ಚೆನ್ನಾಗಿ ತಿರುಗಿಸಿದರೂ ಈ ನುಣುಪು ಬರೋದಿಲ್ಲ. ಆಸಿಡ್ಡಿನಲ್ಲಿ ಮುಳುಗಿಸಿ ಕರೆಂಟ್ ಹರಿಸಿ ಎಲೆಕ್ಟ್ರೋಪಾಲಿಶ್ ಮಾಡಬೇಕು.

ಇಲ್ಲೊಂದು ತಮಾಷೆ ಇದೆ. ಪೀಣ್ಯದವರಿಗೆ ಇಷ್ಟವಾದ ಸ್ಟೀಲು ಇವರಿಗೆ ಆಗೋದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸ್ವಲ್ಪ ಗಂಧಕ ಇದ್ದರೆ ಟೂಲು ಸಲೀಸಾಗಿ ಕತ್ತರಿಸುತ್ತೆ, ಚೂರುಗಳು ಚೆನ್ನಾಗಿ ಮುರೀತವೆ. ಸಾಮಾನ್ಯ 316ಎಲ್ ಸ್ಟೀಲಿನಲ್ಲಿ ಗಂಧಕ ಶೇ 0.03ರವರೆಗೂ ಇರಬಹುದು. ಆದರೆ ಎಲೆಕ್ಟ್ರೋಪಾಲಿಶ್ ಮಾಡಿದಾಗ ಆ ಗಂಧಕ ಸೇರಿದ ಚುಕ್ಕೆಗಳೇ ಕಿತ್ತುಬಂದು ಗುಳಿಗಳಾಗುತ್ತವೆ. ತೇವಾಂಶ ಅಡಗಿ ಕೂರೋಕೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಅದಕ್ಕೇ ಚಿಪ್ ವಾಲ್ವಿನ ಸ್ಟೀಲಿನಲ್ಲಿ ಗಂಧಕ ಶೇ 0.01ರ ಆಸುಪಾಸಿಗೆ ಇಳಿದಿರುತ್ತೆ. ಟೂಲು ಬೇಗ ಸವೆಯುತ್ತೆ, ಸ್ಟೀಲಿನ ಬೆಲೆಯೂ ಜಾಸ್ತಿ. ಇಷ್ಟಾದ ಮೇಲೆ ಶುದ್ಧ ನೀರಿನಲ್ಲಿ ತೊಳೆದು, ಕ್ಲೀನ್‌ರೂಮಿನಲ್ಲಿ ಜೋಡಿಸಿ, ಎರಡೆರಡು ಚೀಲದಲ್ಲಿ ಸೀಲ್ ಮಾಡಿ ಕಳಿಸಬೇಕು. ಅಂಗೈಯಲ್ಲಿ ಹಿಡಿಯೋ ಒಂದು ವಸ್ತುವಿಗೆ ಹತ್ತಾರು ಸಾವಿರ ರೂಪಾಯಿ ಯಾಕೆ ಅನ್ನೋದು ಈಗ ಗೊತ್ತಾಯ್ತಲ್ಲ.

1965ರ ಇಬ್ಬರು

ಈ ಮಾರುಕಟ್ಟೆ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ. ಅಮೆರಿಕದ ಸ್ವೇಜ್‌ಲಾಕ್ 1947ರಲ್ಲಿ ಶುರುವಾದದ್ದು. ಜಪಾನಿನ ಒಸಾಕಾದ ಫುಜಿಕಿನ್ ಇನ್ನೊಂದು. ಹೇಳಲೇಬೇಕು, ಈ ಫುಜಿಕಿನ್ನಿನವರು ವಾಲ್ವಿನ ಜೊತೆಗೆ ಸ್ಟರ್ಜನ್ ಮೀನನ್ನೂ ಸಾಕುತ್ತಾರೆ. ದ್ರವದ ಹರಿವಿನ ವಿದ್ಯೆಯನ್ನು ಎಲ್ಲಿಗೆ ತಗೊಂಡು ಹೋಗಿದಾರೆ ನೋಡಿ! ಅನಿಲ ಒಳಗೆ ಬಿಡುವ ವಾಲ್ವುಗಳು ಇವರವು. ಯಂತ್ರದ ಕೋಣೆಯನ್ನು ನಿರ್ವಾತವಾಗಿ ಇಡುವ ವ್ಯಾಕ್ಯೂಮ್ ವಾಲ್ವುಗಳಲ್ಲಿ ಸ್ವಿಟ್ಜರ್ಲೆಂಡಿನ ವ್ಯಾಟ್ ಕಂಪನಿಯದ್ದೇ ದೊಡ್ಡ ಪಾಲು.

ಈ ವ್ಯಾಟ್ ಶುರುವಾದದ್ದು 1965ರಲ್ಲಿ. ಅದೇ 1965ರಲ್ಲಿ ನಮ್ಮ ಬೆಂಗಳೂರಿನಲ್ಲಿ ಎಸ್.ವಿ. ನರಸಯ್ಯ ಅವರು ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಕಟ್ಟಿದರು. ಪೀಣ್ಯಕ್ಕೆ ಓಡಾಡುವವರು ಎಚ್‌ಎಚ್‌ವಿ ಅನ್ನೋ ಬೋರ್ಡು ನೋಡಿರ್ತೀರಿ. ವ್ಯಾಕ್ಯೂಮ್ ಪಂಪು, ಥಿನ್ ಫಿಲ್ಮ್ ಲೇಪನದ ಯಂತ್ರ, ಎಲ್ಲ ಮಾಡಿ ಇವತ್ತಿಗೂ ಗಟ್ಟಿಯಾಗಿ ನಿಂತಿರುವ ಕಂಪನಿ. ಹುಟ್ಟಿದ್ದು ಒಂದೇ ವರ್ಷ, ಹಿಡಿದದ್ದು ಹೆಚ್ಚುಕಡಿಮೆ ಒಂದೇ ವಿದ್ಯೆ. ಆದರೂ ಜಗತ್ತಿನ ಚಿಪ್ ಯಂತ್ರಗಳೊಳಗೆ ಕೂತಿದ್ದು ಸ್ವಿಸ್ ವಾಲ್ವ್.

ಬುದ್ಧಿ ಕಡಿಮೆಯಾಗಿ ಹೀಗಾಯ್ತು ಅಂತ ನನಗೆ ಯಾವತ್ತೂ ಅನಿಸಿಲ್ಲ. ವ್ಯಾಟ್ ಇರುವ ಹಾಗ್ ಅನ್ನೋ ಸಣ್ಣ ಊರಿನ ಹತ್ತಿರ ರೈನ್ ನದಿ ದಾಟಿದರೆ ಲಿಕ್ಟನ್‌ಸ್ಟೈನ್ ದೇಶ. ಅಲ್ಲಿ 1946ರಿಂದಲೇ ಬಾಲ್ಜರ್ಸ್ ಅನ್ನೋ ವ್ಯಾಕ್ಯೂಮ್ ಕಂಪನಿ ಇತ್ತು. ಪಕ್ಕದಲ್ಲೇ ಕಿರಿಕಿರಿ ಮಾಡೋ ಗಿರಾಕಿ ಇದ್ದರೆ ಸರಕು ಸುಧಾರಿಸುತ್ತೆ. ನಮ್ಮಲ್ಲಿ ಗಿರಾಕಿಗಳು ಪ್ರಯೋಗಾಲಯಗಳು, ಬಾಹ್ಯಾಕಾಶ, ರಕ್ಷಣಾ ಇಲಾಖೆಗಳು. ಅವರೂ ಕಟ್ಟುನಿಟ್ಟೇ, ಆದರೆ ಬೇಕಾಗೋದು ಒಂದೋ ಎರಡೋ. ಒಂದೇ ಥರದ ಸಾವಿರ ವಾಲ್ವ್ ಕೇಳಿ, ಅದರಲ್ಲಿ ಒಂದು ಕೆಟ್ಟರೂ ವಾಪಸ್ ಎಸೆಯುವವರು ಇರಲಿಲ್ಲ.

ಹಾಗಂತ ಚಿಪ್ಪಿನ ಗಂಧವೇ ಇಲ್ಲದ ಊರೇನೂ ಅಲ್ಲ ನಮ್ಮದು. ಜಾಲಹಳ್ಳಿಯ ಬಿಇಎಲ್ 60ರ ದಶಕದ ಆರಂಭದಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸಿತ್ತು. ಅದಕ್ಕೂ ಮುಂಚೆ ಅಲ್ಲಿ ವಾಲ್ವ್ ತಯಾರಾಗುತ್ತಿತ್ತು, ಆದರೆ ಅದು ತಾತನ ಕಾಲದ ರೇಡಿಯೊದೊಳಗೆ ಉರಿಯುತ್ತಿದ್ದ ಗಾಜಿನ ವಾಲ್ವ್! ದೇಶದ ದೊಡ್ಡ ಚಿಪ್ ಕಾರ್ಖಾನೆ ಮಾತ್ರ ಮೊಹಾಲಿಗೆ ಹೋಯಿತು. ಅದೂ 1989ರಲ್ಲಿ ಬೆಂಕಿಗೆ ಸಿಕ್ಕಿ ವರ್ಷಗಟ್ಟಲೆ ನಿಂತುಹೋಯಿತು.

ಫ್ಯಾಬ್ ಅಲ್ಲಿ, ಗಿರಾಕಿ ಇಲ್ಲಿ

ಈಗಿನ ಕಥೆಯೂ ಮೇಲ್ನೋಟಕ್ಕೆ ಹಾಗೇ ಕಾಣುತ್ತೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆ ಪ್ರಕಟಿಸಿತು. 2022ರ ಮೇ ತಿಂಗಳಲ್ಲಿ ಐಎಸ್‌ಎಂಸಿ ಜೊತೆ ರಾಜ್ಯ ಸರ್ಕಾರ 22,900 ಕೋಟಿಯ ಒಪ್ಪಂದ ಮಾಡಿಕೊಂಡು, ಮೈಸೂರಿನಲ್ಲಿ ಫ್ಯಾಬ್ ಅಂತ ಸುದ್ದಿಯಾಯಿತು. ಅದು ಕೈಗೂಡಲಿಲ್ಲ. ಟಾಟಾದವರ 91,000 ಕೋಟಿಯ ಫ್ಯಾಬಿಗೆ 2024ರ ಮಾರ್ಚಿನಲ್ಲಿ ಅಡಿಗಲ್ಲು ಬಿದ್ದದ್ದು ಗುಜರಾತಿನ ಧೊಲೇರಾದಲ್ಲಿ. ನಮ್ಮ ಮೈಸೂರಿನ ಕೇನ್ಸ್ ಕೂಡ ತನ್ನ ಚಿಪ್ ಪ್ಯಾಕೇಜಿಂಗ್ ಘಟಕಕ್ಕೆ ಸಾನಂದಕ್ಕೇ ಹೋಯಿತು. ಆಫೀಸಿನ ಕ್ಯಾಂಟೀನಿನಲ್ಲಿ "ಎಲ್ಲಾ ಗುಜರಾತಿಗೇ ಹೋಯ್ತು ಬಿಡ್ರೀ" ಅನ್ನೋ ಮಾತು ಎಷ್ಟು ಸಲ ಕೇಳಿದೀನೋ.

ಆದರೆ ವಾಲ್ವಿನ ವ್ಯಾಪಾರ ಹಾಗೆ ನಡೆಯೋದಿಲ್ಲ. ಚಿಪ್ ಕಾರ್ಖಾನೆ ತನ್ನ ಕಟ್ಟಡದ ಗ್ಯಾಸ್ ಲೈನುಗಳಿಗೆ ಒಂದಷ್ಟು ವಾಲ್ವ್ ಕೊಳ್ಳುತ್ತೆ, ನಿಜ. ಯಂತ್ರದೊಳಗಿನ ವಾಲ್ವನ್ನು ಆರಿಸೋದು ಯಂತ್ರ ತಯಾರಿಸುವ ಕಂಪನಿ. ಅಂಥ ಎರಡು ದೊಡ್ಡ ಕಂಪನಿಗಳು ಬೆಂಗಳೂರಿನಲ್ಲೇ ಇವೆ. ಅಪ್ಲೈಡ್ ಮೆಟೀರಿಯಲ್ಸ್ 2023ರ ಜೂನಿನಲ್ಲಿ ಇಲ್ಲಿನ ಎಂಜಿನಿಯರಿಂಗ್ ಕೇಂದ್ರಕ್ಕೆ ನಾಲ್ಕು ವರ್ಷಗಳಲ್ಲಿ 40 ಕೋಟಿ ಡಾಲರ್ ಹಾಕುವುದಾಗಿ ಹೇಳಿತು. ಲ್ಯಾಮ್ ರಿಸರ್ಚ್ 2024ರ ಸೆಪ್ಟೆಂಬರಿನಲ್ಲಿ ಬಿಡಿಭಾಗಗಳ ಸರಬರಾಜಿಗೆ ಭಾರತವನ್ನೂ ಸೇರಿಸಿಕೊಳ್ಳುತ್ತೇವೆ ಅಂತು. 2025ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 10,000 ಕೋಟಿಗೂ ಹೆಚ್ಚು ಹೂಡುವುದಾಗಿ ಘೋಷಿಸಿತು. 1965ರಲ್ಲಿ ಇಲ್ಲದಿದ್ದ ಕಿರಿಕಿರಿ ಗಿರಾಕಿ ಈಗ ಅದೇ ಊರಿನಲ್ಲಿದ್ದಾನೆ.

ಗಿರಾಕಿ ಇದ್ದಾನೆ ಅಂದ ಮಾತ್ರಕ್ಕೆ ಆರ್ಡರ್ ಸಿಗೋದಿಲ್ಲ. ಸ್ಯಾಂಪಲ್ ಕೊಡಬೇಕು, ಅದನ್ನ ತಿಂಗಳುಗಟ್ಟಲೆ ಪರೀಕ್ಷೆ ಮಾಡ್ತಾರೆ. ಅತಿ ವೇಗದ ವಾಲ್ವುಗಳನ್ನ ಕೋಟಿಗಟ್ಟಲೆ ಸಲ ತೆರೆದು ಮುಚ್ಚಿ ನೋಡ್ತಾರೆ. ಸೆಕೆಂಡಿಗೊಂದು ಸಲ ಅಂದರೂ ವರ್ಷಕ್ಕೆ ಮೂರು ಕೋಟಿ ದಾಟುತ್ತೆ, ಲೆಕ್ಕ ಹಾಕಿ. ಪಾಸಾದ ಮೇಲೆ ನೀವು ಏನನ್ನೂ ಬದಲಿಸುವ ಹಾಗಿಲ್ಲ. ಇಂಟೆಲ್ ಇದಕ್ಕೆ 'ಕಾಪಿ ಎಕ್ಸಾಕ್ಟ್ಲಿ' ಅಂತಲೇ ಹೆಸರಿಟ್ಟಿದೆ. ಕೂಲೆಂಟ್ ಎಣ್ಣೆಯ ಬ್ರ್ಯಾಂಡ್ ಬದಲಿಸಿದರೂ ತಿಳಿಸಬೇಕು. ಪೀಣ್ಯದ ಶಕ್ತಿ ಇರೋದೇ ಇದರ ತದ್ವಿರುದ್ಧ ಗುಣದಲ್ಲಿ. ಟೂಲ್ ಮುರಿದರೆ ಇನ್ನೊಂದು ಹಾಕಿ, ಮೆಟೀರಿಯಲ್ ಸಿಗದಿದ್ದರೆ ಪಕ್ಕದ ಶೆಡ್ಡಿನಿಂದ ತಂದು, ಸಂಜೆಯೊಳಗೆ ಜಾಬ್ ಮುಗಿಸಿಕೊಡೋ ಚುರುಕು ಅದು. ಈ ಮಾರುಕಟ್ಟೆಯಲ್ಲಿ ಆ ಚುರುಕೇ ದೋಷ.

ಮಾವನ ಸೈಟು

ಈಗ ಮನೆಯ ವಿಷಯ. ನನ್ನ ಸೋದರಮಾವನದು ಪೀಣ್ಯದಲ್ಲಿ ಒಂದು ಶೆಡ್, ಆರು ಸಿಎನ್‌ಸಿ ಮಷೀನು, ಇಪ್ಪತ್ತೆರಡು ಜನ. ಮೂವತ್ತು ವರ್ಷದಿಂದ ಎಂಜಿನ್ ಬಿಡಿಭಾಗಗಳ ಜಾಬ್ ವರ್ಕ್. ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲೆ ಅವರಿಗೆ ಆರ್ಡರ್ ಕಮ್ಮಿಯಾಗ್ತಿದೆ. ಕಳೆದ ಯುಗಾದಿಗೆ ಊಟಕ್ಕೆ ಕೂತಾಗ ಶುರು ಮಾಡಿದರು.

"ಅಲ್ಲ ಕಣಮ್ಮಾ, ಆ ಚಿಪ್ ವಾಲ್ವ್ ನಾನೇ ಮಾಡಿದ್ರೆ ಹೆಂಗೆ? ವಿದ್ಯಾರಣ್ಯಪುರದ ಸೈಟ್ ಕೊಟ್ರೆ ಕ್ಲೀನ್‌ರೂಮ್ ಆಗುತ್ತೆ."

ಅತ್ತೆ ಹೋಳಿಗೆ ಬಡಿಸೋದು ನಿಲ್ಲಿಸಿದರು. "ಆ ಸೈಟು ಮಗಳ ಓದಿಗೆ ಅಂತ ಇಟ್ಟಿರೋದು. ವಾಲ್ವಿಗಲ್ಲ."

ನಾನು ಮಧ್ಯೆ ಸಿಕ್ಕಿಕೊಂಡೆ. ನಮ್ಮ ಕಂಪನಿಗೆ ಅವರು ಮಾರೋದಾದರೆ ಸಂಬಂಧ ಮೊದಲೇ ತಿಳಿಸಬೇಕು, ನಾನು ಆ ಫೈಲು ಮುಟ್ಟೋ ಹಾಗಿಲ್ಲ. ಅದನ್ನ ಹೇಳಿಬಿಟ್ಟೆ. ಆಮೇಲೆ ಹೇಳಿದ್ದು ಇಷ್ಟು: "ಮಾವ, ವಾಲ್ವ್ ಬೇಡ. ಡಯಾಫ್ರಾಮು, ಸೀಟು, ಕೋಟಿ ಸಲದ ಪರೀಕ್ಷೆ, ಅದೆಲ್ಲ ಆರು ಮಷೀನಿನ ಶೆಡ್ಡಿಗೆ ಹೊರೆ. ವಾಲ್ವ್ ಕೂರೋ ಬ್ಲಾಕ್ ಮಾಡಿ ನೋಡಿ."

ಯಂತ್ರದೊಳಗಿನ ಗ್ಯಾಸ್ ಪೆಟ್ಟಿಗೆಯಲ್ಲಿ ವಾಲ್ವುಗಳು ಸಾಲಾಗಿ ಸಣ್ಣ ಸ್ಟೀಲ್ ಬ್ಲಾಕುಗಳ ಮೇಲೆ ಕೂತಿರುತ್ತವೆ. ಪ್ರಚಲಿತ ಅಳತೆಯೊಂದರಲ್ಲಿ ಅಗಲ 1.125 ಇಂಚು. ಒಳಗೆ ಅನಿಲ ಹೋಗೋಕೆ ಸಣ್ಣ ರಂಧ್ರಗಳು, ಅವು ಸೇರುವ ಮೂಲೆಯಲ್ಲಿ ಒಂದು ಬರ್ ಕೂಡ ಉಳಿಯಬಾರದು. ಓಡಾಡುವ ಭಾಗ ಯಾವುದೂ ಇಲ್ಲ. ಡ್ರಿಲ್ಲಿಂಗು, ನುಣುಪು, ತೊಳೆಯೋದು, ದಾಖಲೆ. ಕಷ್ಟವೇ, ಆದರೆ ಕಲಿಯಬಹುದಾದ ಕಷ್ಟ. ಅಳೆಯೋಕೂ ದೂರ ಹೋಗಬೇಕಿಲ್ಲ. ಯಶವಂತಪುರದ ತುಮಕೂರು ರಸ್ತೆಯಲ್ಲಿ 1962ರಿಂದ ಇರುವ ಸಿಎಂಟಿಐನಂಥ ಸಂಸ್ಥೆಗಳಲ್ಲಿ ಸೂಕ್ಷ್ಮ ಅಳತೆಯ ಪರಿಣತಿ ಇದೆ. ಫಾರ್ಮಾ ಕಂಪನಿಗಳಿಗೆ ಎಲೆಕ್ಟ್ರೋಪಾಲಿಶ್ ಮಾಡಿಕೊಡೋರು ನಮ್ಮೂರಿನಲ್ಲೇ ಇದ್ದಾರೆ.

ಮಾವ ಸೈಟು ಮಾರಲಿಲ್ಲ. ಒಂದು ಮಷೀನನ್ನು ಗಾಜಿನ ಗೋಡೆ ಹಾಕಿ ಬೇರೆ ಮಾಡಿದರು. ಅದರ ಮುಂದೆ ಒಂದು ನೋಟ್‌ಬುಕ್ಕು ನೇತುಹಾಕಿ, ಟೂಲ್ ಬದಲಿಸಿದಾಗೆಲ್ಲ ಟೈಮ್ ಸಮೇತ ಬರೀಬೇಕು ಅಂತ ರೂಲ್ ಮಾಡಿದರು. ಹಳೇ ಆಪರೇಟರ್ ಒಬ್ಬರು ಮೊದಲ ವಾರ ಸಿಟ್ಟು ಮಾಡಿಕೊಂಡರು, "ಇಪ್ಪತ್ತು ವರ್ಷದಿಂದ ನನ್ ಕೈ ನೋಡಿದೀರಾ, ಈಗ ಲೆಕ್ಕ ಕೇಳ್ತೀರಾ" ಅಂತ. ಡಿಪ್ಲೊಮಾ ಮುಗಿಸಿ ಬಂದ ಹುಡುಗಿಯೊಬ್ಬಳು ನೋಟ್‌ಬುಕ್ಕನ್ನ ಎಕ್ಸೆಲ್ ಶೀಟಿಗೆ ಏರಿಸಿ, ಯಾವ ಟೂಲು ಎಷ್ಟು ಬ್ಲಾಕಿಗೆ ಸವೆಯುತ್ತೆ ಅನ್ನೋ ಗ್ರಾಫ್ ತೋರಿಸಿದ ಮೇಲೆ ಅವರೇ ಬರೆಯೋಕೆ ಶುರು ಮಾಡಿದರು.

ಮೊದಲ ಬ್ಲಾಕ್ ಹೊರಗಿನ ಲ್ಯಾಬಿನಲ್ಲಿ ಅಳೆಸಿದಾಗ 0.6 ಮೈಕ್ರಾನ್ ಬಂತು. ಎಲೆಕ್ಟ್ರೋಪಾಲಿಶ್ ಮಾಡಿಸಿದ ಎರಡನೆಯದು ಹೊರಮೈಯಲ್ಲಿ 0.2, ಆದರೆ ರಂಧ್ರದೊಳಗೆ 0.35. ರಂಧ್ರದೊಳಗಿನದು 0.25ರ ಕೆಳಗೆ ಬರಬೇಕು. ಕಡಿಮೆ ಗಂಧಕದ ಸ್ಟೀಲಿನ ಸರಳು ತರಿಸೋಕೆ ಏಳು ವಾರ ಹಿಡಿಯಿತು, ಕನಿಷ್ಠ ಆರ್ಡರ್ ಅಂತ ಬೇಕಾದ್ದಕ್ಕಿಂತ ಹತ್ತು ಪಟ್ಟು ಕೊಳ್ಳಬೇಕಾಯಿತು. ಅದರ ಬಿಲ್ಲನ್ನು ಅತ್ತೆಗೆ ಇನ್ನೂ ತೋರಿಸಿಲ್ಲ. ಮೂರನೇ ಬ್ಲಾಕ್ ಈ ವಾರ ಪಾಲಿಶಿಗೆ ಹೋಗಿದೆ.