ಪೊಲೀಸ್ ನಾಯಿ ನಮ್ಮ ಬಾಗಿಲಲ್ಲಿ ನಿಂತರೆ? ಸಾಂಗ್ಲಿ-ಮಿರಜ್ ದಾರಿಯಲ್ಲಿ ತಿಳಿಯಬೇಕಾದ ಕೆಲವು ವಿಷಯಗಳು

ವ್ಯಾಪಾರಕ್ಕೋ ಚಿಕಿತ್ಸೆಗೋ ಮಿರಜ್ ಜಂಕ್ಷನ್‌ನಲ್ಲಿ ಇಳಿಯುವ ನಮ್ಮವರು ಕಮ್ಮಿ ಏನಿಲ್ಲ. ಅಂಥ ದೊಡ್ಡ ಸ್ಟೇಷನ್‌ನಲ್ಲಿ ಪೊಲೀಸ್ ನಾಯಿ ಬ್ಯಾಗುಗಳನ್ನು ಮೂಸುತ್ತಾ ಬಂದರೆ ನಮ್ಮ ಹುಡುಗರು ಏನು ಮಾಡ್ತಾರೆ? ಮೊದಲು ಕಾಲು ಹಿಂದಕ್ಕೆ ಎಳ್ಕೊಳ್ತಾರೆ. "ತಾಗಿದ್ರೆ ಏಳು ಸಲ ತೊಳೀಬೇಕು" ಅನ್ನೋದು ಒಂದು ಭಯ. ಎರಡನೇ ಭಯವನ್ನು ಯಾರೂ ಬಾಯಿ ಬಿಟ್ಟು ಹೇಳಲ್ಲ: "ನಾಯಿ ನನ್ನ ಹತ್ರಾನೇ ಬಂದು ಕೂತರೆ ನನ್ನ ಗತಿ ಏನು?"

ಈ ಎರಡೂ ಭಯಗಳಿಗೆ ಉತ್ತರ ಇದೆ. ಅದಕ್ಕೂ ಮೊದಲು ಈ ನಾಯಿಗಳು ಮತ್ತು ಅವುಗಳನ್ನು ನಡೆಸುವ ಪೊಲೀಸರು ಮಾಡೋ ಕೆಲಸ ಏನು ಅಂತ ತಿಳಿದುಕೊಳ್ಳೋಣ.

ಸಣ್ಣ ಊರಿಗೆ ಶ್ವಾನದಳ ಯಾಕೆ?

ಸಾಂಗ್ಲಿ ಅಂದ್ರೆ ಅರಿಶಿನದ ಮಾರುಕಟ್ಟೆ, ಕೃಷ್ಣಾ ನದಿ, ಗಣಪತಿ ದೇವಸ್ಥಾನ. ಪಕ್ಕದ ಮಿರಜ್ ಅಂದ್ರೆ ಆಸ್ಪತ್ರೆಗಳು, ಸಿತಾರ್ ತಯಾರಿಸುವ ಕುಟುಂಬಗಳು, ಮೀರಾಸಾಹೇಬ್ ದರ್ಗಾ. ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡ ಮೇಲೆ ದಫನ್ ಆಗಿದ್ದು ಇದೇ ದರ್ಗಾದ ಆವರಣದಲ್ಲಿ. ಈ ಎರಡೂ ಊರುಗಳು ಮತ್ತು ಕುಪ್ವಾಡ ಸೇರಿ ಈಗ ಒಂದೇ ಮಹಾನಗರಪಾಲಿಕೆ. ಜಿಲ್ಲೆಯ ಜತ್ ತಾಲೂಕಿಗೆ ಹೋದರೆ ಹಳ್ಳಿ ಹಳ್ಳಿಯಲ್ಲೂ ಕನ್ನಡ ಕೇಳಿಸುತ್ತೆ.

ಮುಂಬೈ, ಪುಣೆಗೆ ಹೋಲಿಸಿದರೆ ಇದು ಸಣ್ಣ ಊರೇ. ಆದರೆ ರೈಲ್ವೆ ಜಂಕ್ಷನ್ ಇದೆ, ರಾಜ್ಯದ ಗಡಿ ಹತ್ತಿರ ಇದೆ, ಉರೂಸ್ ಮತ್ತು ಗಣೇಶ ವಿಸರ್ಜನೆಗೆ ಸಾವಿರಾರು ಜನ ಸೇರ್ತಾರೆ. 2024ರ ಫೆಬ್ರವರಿಯಲ್ಲಿ ಪುಣೆ ಪೊಲೀಸರು ಇದೇ ಕುಪ್ವಾಡದಲ್ಲಿ 100 ಕೆ.ಜಿ.ಗೂ ಹೆಚ್ಚು ಮೆಫೆಡ್ರೋನ್, ಅಂದ್ರೆ ಹುಡುಗರ ಬಾಯಲ್ಲಿ 'ಎಂ.ಡಿ.' ಎನಿಸಿಕೊಳ್ಳುವ ಮಾದಕ ವಸ್ತುವನ್ನು ಹಿಡಿದರು. ಇಂಥ ಊರಿನ ಪೊಲೀಸರಿಗೆ ಕಳ್ಳತನ, ಕೊಲೆ, ಡ್ರಗ್ಸ್, ಬಾಂಬ್ ತಪಾಸಣೆ ಎಲ್ಲದಕ್ಕೂ ನಾಯಿ ಬೇಕು. ಆದರೆ ದೊಡ್ಡ ನಗರದಲ್ಲಿರುವಷ್ಟು ನಾಯಿಗಳು ಜಿಲ್ಲಾ ದಳದಲ್ಲಿ ಇರಲ್ಲ. ಇರುವ ಕೆಲವೇ ನಾಯಿಗಳು ಇಡೀ ಜಿಲ್ಲೆ ಸುತ್ತಬೇಕು.

ಎಲ್ಲಾ ನಾಯಿ ಎಲ್ಲಾ ಕೆಲಸ ಮಾಡಲ್ಲ

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50-60 ಲಕ್ಷ. ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲೆ. ಬಿರಿಯಾನಿ ಬೇಯುವಾಗ ನಮಗೆ ಒಟ್ಟಿಗೆ ಒಂದೇ ಘಮ ಬರುತ್ತೆ. ನಾಯಿಗೆ ಅಕ್ಕಿ, ಮಾಂಸ, ತುಪ್ಪ, ಲವಂಗ ಎಲ್ಲದರ ವಾಸನೆ ಬೇರೆ ಬೇರೆಯಾಗಿ ಸಿಗುತ್ತೆ. ಹಾಗಾಗಿ ಕಾಫಿ ಪುಡಿಯ ನಡುವೆ ಗಾಂಜಾ ಬಚ್ಚಿಟ್ಟರೂ ಅದು ಹಿಡಿಯುತ್ತದೆ.

ಆದರೆ ಒಂದು ನಾಯಿಗೆ ಸಾಮಾನ್ಯವಾಗಿ ಒಂದೇ ವಿದ್ಯೆ ಕಲಿಸ್ತಾರೆ. ಅಪರಾಧಿಯ ಜಾಡು ಹಿಡಿದು ಓಡೋದು ಟ್ರ್ಯಾಕರ್. ಸ್ಫೋಟಕ ಪತ್ತೆ ಮಾಡೋದು ಬೇರೆ, ಮಾದಕ ವಸ್ತು ಹಿಡಿಯೋದು ಬೇರೆ, ಮಣ್ಣಿನಡಿಯ ಶವ ಹುಡುಕೋದು ಬೇರೆ. ಸ್ಫೋಟಕ ಪತ್ತೆ ಮಾಡುವ ನಾಯಿ ವಸ್ತು ಸಿಕ್ಕಾಗ ಬೊಗಳಲ್ಲ, ಕೆರೆಯಲ್ಲ. ಸುಮ್ಮನೆ ಕೂತುಬಿಡುತ್ತೆ. ಕೆರೆದರೆ ಬಾಂಬ್ ಸಿಡಿಯಬಹುದಲ್ವಾ! ಡೋಬರ್‌ಮನ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಬೆಲ್ಜಿಯನ್ ಮಾಲಿನೋಯಿಸ್ ಹೆಚ್ಚಾಗಿ ಬಳಸುವ ತಳಿಗಳು. ಸಾಂಗ್ಲಿ, ಕೊಲ್ಲಾಪುರ ಕಡೆ 'ಕಾರವಾನ್' ಅಂತಲೂ ನಮ್ಮ ಬಾಗಲಕೋಟೆ ಕಡೆ ಮುಧೋಳ ನಾಯಿ ಅಂತಲೂ ಕರೆಯುವ ಬೇಟೆನಾಯಿ ಕೂಡ ಈಗ ಭದ್ರತಾ ಪಡೆಗಳ ಕಣ್ಣಿಗೆ ಬಿದ್ದಿದೆ. 2016ರಿಂದ ಸೇನೆ ಅದನ್ನು ಮೀರಠ್‌ನಲ್ಲಿ ತರಬೇತಿಗೆ ಒಳಪಡಿಸಿತ್ತು.

ಹ್ಯಾಂಡ್ಲರ್ ಇಲ್ಲದೆ ನಾಯಿ ಇಲ್ಲ

ಮರಿ ಕೆಲವು ತಿಂಗಳಿನದ್ದಿರುವಾಗಲೇ ತರಬೇತಿ ಶುರು. ಮಹಾರಾಷ್ಟ್ರದಲ್ಲಿ ಪುಣೆಯ ಶಿವಾಜಿನಗರದಲ್ಲಿ ಸಿಐಡಿಯ ತರಬೇತಿ ಕೇಂದ್ರ ಇದೆ. ಕರ್ನಾಟಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಇದೆ. ಕೂರು, ನಿಲ್ಲು, ಜೊತೆಗೆ ನಡಿ ಎಂಬ ಶಿಸ್ತಿನ ಪಾಠ ಮುಗಿದ ಮೇಲೆ ಅದರ ವಿಶೇಷ ವಿದ್ಯೆ. ನಾಯಿಯ ಜೊತೆ ಕಾನ್ಸ್‌ಟೇಬಲ್ ಕೂಡ ಅಲ್ಲಿ ವಿದ್ಯಾರ್ಥಿಯೇ.

ಒಂದು ನಾಯಿಗೆ ಸಾಮಾನ್ಯವಾಗಿ ಇಬ್ಬರು ಹ್ಯಾಂಡ್ಲರ್‌ಗಳು. ಒಬ್ಬರಿಗೆ ರಜೆ ಬೇಕಾದರೆ ಇನ್ನೊಬ್ಬರು ಇರಲೇಬೇಕು, ಯಾಕಂದ್ರೆ ನಾಯಿ ಮೂರನೆಯವನ ಮಾತು ಕೇಳಲ್ಲ. ಬೆಳಿಗ್ಗೆ ಓಡಿಸೋದು, ಮೈ ಬಾಚೋದು, ಉಣ್ಣಿ ಹಿಡಿದಿದೆಯಾ ನೋಡೋದು, ಊಟ ಅಳತೆ ಮಾಡಿ ಹಾಕೋದು, ದಿನಾ ಅಭ್ಯಾಸ ಮಾಡಿಸೋದು, ಡಾಕ್ಟರಿಗೆ ತೋರಿಸೋದು, ರಿಜಿಸ್ಟರ್ ಬರೆಯೋದು ಎಲ್ಲಾ ಇವರದ್ದೇ ಕೆಲಸ. ನಡುರಾತ್ರಿ ಫೋನ್ ಬಂದರೆ ಜೀಪ್ ಹತ್ತಬೇಕು. ನಾಯಿಯ ಕಿವಿ, ಬಾಲ, ಉಸಿರಾಟ ಬದಲಾದದ್ದನ್ನು ಓದುವವನು ಹ್ಯಾಂಡ್ಲರ್. ನಾಯಿಗೆ ಮಾತು ಬರಲ್ಲ, ಅದರ ಮಾತನ್ನು ನಮಗೆ ಹೇಳೋದು ಈ ಮನುಷ್ಯ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಜೀವ ಉಳಿಸಿದ ಮೂಗುಗಳು

1993ರ ಮುಂಬೈ ಸರಣಿ ಸ್ಫೋಟದ ಬಳಿಕ ಪುಣೆಯಲ್ಲಿ ತರಬೇತಾದ 'ಝಂಜೀರ್' ಎಂಬ ಲ್ಯಾಬ್ರಡಾರ್ 3,329 ಕೆ.ಜಿ. ಆರ್‌ಡಿಎಕ್ಸ್, ನೂರಾರು ಡಿಟೋನೇಟರ್ ಮತ್ತು ಗ್ರೆನೇಡ್ ಪತ್ತೆಗೆ ಕಾರಣವಾಯಿತು. 2000ದ ನವೆಂಬರ್‌ನಲ್ಲಿ ಅದು ಕ್ಯಾನ್ಸರ್‌ನಿಂದ ಸತ್ತಾಗ ಮುಂಬೈ ಪೊಲೀಸರು ಗೌರವದಿಂದ ಮಣ್ಣು ಮಾಡಿದರು. ಆ ಸ್ಫೋಟಕ ಸಿಡಿದಿದ್ದರೆ ಸಾಯುತ್ತಿದ್ದವರು ಯಾವ ಜಾತಿ, ಯಾವ ಧರ್ಮದವರು ಅಂತ ಯಾರು ಹೇಳಬಲ್ಲರು?

ನಮ್ಮ ದಾವಣಗೆರೆಯ ಡೋಬರ್‌ಮನ್ 'ತುಂಗಾ' 2020ರ ಜುಲೈನಲ್ಲಿ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿ.ಮೀ. ಓಡಿ ಆರೋಪಿಯ ಜಾಡು ತೋರಿಸಿತು. ಅದರ ನಂತರ ಬಂದ 'ತುಂಗಾ-2' 2024ರಲ್ಲಿ ಮಳೆಯಲ್ಲೇ ಸುಮಾರು 8 ಕಿ.ಮೀ. ಓಡಿ ಒಂದು ಮನೆ ಮುಂದೆ ನಿಂತಿತು. ಒಳಗೆ ಮಹಿಳೆಯೊಬ್ಬರ ಕಿರುಚಾಟ. ಪೊಲೀಸರು ನುಗ್ಗಿದ್ದರಿಂದ ಆಕೆಯ ಜೀವ ಉಳಿಯಿತು.

2024ರ ಜುಲೈ 30ರ ವಯನಾಡ್ ಭೂಕುಸಿತ ನಮ್ಮಲ್ಲಿ ಯಾರೂ ಮರೆತಿಲ್ಲ. ಅಲ್ಲಿ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ನಾಯಿಗಳು ಕೆಸರಿನಡಿ ಮಯ್ಯಿತ್ ಹುಡುಕಿ ಕೊಟ್ಟವು. ಅಷ್ಟು ಮನೆಯವರಿಗೆ ಜನಾಝ ನಮಾಝ್ ಮಾಡುವ ಅವಕಾಶ ಸಿಕ್ಕಿತು. 2023ರ ತುರ್ಕಿ ಭೂಕಂಪದಲ್ಲಿ ನಮ್ಮ ಎನ್‌ಡಿಆರ್‌ಎಫ್‌ನ ರೋಮಿಯೋ, ಜೂಲಿ ಅವಶೇಷದಡಿ ಸಿಲುಕಿದ್ದ ಆರು ವರ್ಷದ ಹೆಣ್ಣುಮಗುವನ್ನು ಜೀವಂತ ಪತ್ತೆ ಹಚ್ಚಿದ್ದವು.

ನಾಯಿಯೂ ತಪ್ಪುತ್ತದೆ

ಇಷ್ಟೆಲ್ಲಾ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಮಳೆ, ಗಾಳಿ, ಬಿಸಿಲು, ತಡ, ಜನರ ಓಡಾಟ ಇವೆಲ್ಲ ಜಾಡನ್ನು ಕೆಡಿಸುತ್ತವೆ. ಅಂಗಡಿಯಲ್ಲಿ ಕಳ್ಳತನ ಆಯ್ತು ಅಂದ್ರೆ ನಮ್ಮಲ್ಲಿ ಇಡೀ ಮೊಹಲ್ಲಾ ಒಳಗೆ ನುಗ್ಗಿ ನೋಡುತ್ತೆ. ಐವತ್ತು ಜನ ತುಳಿದ ಮೇಲೆ ನಾಯಿಯಾದರೂ ಏನು ಮಾಡೀತು? ಹಾಗಾಗಿ ಕಳ್ಳತನ ಆದರೆ ಬಾಗಿಲು ಹಾಗೇ ಬಿಡಿ, ಯಾರೂ ಒಳಗೆ ಹೋಗಬೇಡಿ, ಕಳ್ಳ ಮುಟ್ಟಿದ ವಸ್ತು ಮುಟ್ಟಬೇಡಿ. ನಿಮ್ಮ ಮಾಲು ವಾಪಸ್ ಬರೋ ದಾರಿ ಅದು.

ತಪ್ಪು ಹ್ಯಾಂಡ್ಲರ್‌ನಿಂದಲೂ ಆಗಬಹುದು. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 18 ನಾಯಿ-ಹ್ಯಾಂಡ್ಲರ್ ಜೋಡಿಗಳನ್ನು ಪರೀಕ್ಷಿಸಿದರು. ಕಟ್ಟಡದೊಳಗೆ ಏನನ್ನೂ ಬಚ್ಚಿಟ್ಟಿರಲಿಲ್ಲ. ಆದರೆ ಬಚ್ಚಿಟ್ಟಿದೆ ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ಬಹುಪಾಲು ಸುತ್ತುಗಳಲ್ಲಿ "ನಾಯಿ ಪತ್ತೆ ಮಾಡಿತು" ಎಂಬ ವರದಿಯೇ ಬಂತು. ಯಜಮಾನ ಏನನ್ನು ನಂಬಿದ್ದಾನೋ ಅದು ಅವನ ನಿಲುವಿನಲ್ಲಿ, ಹಗ್ಗದ ಹಿಡಿತದಲ್ಲಿ ನಾಯಿಗೆ ಗೊತ್ತಾಗಬಹುದು, ಇಲ್ಲವೇ ಅವನೇ ನಾಯಿಯ ನಡೆಯನ್ನು ತಪ್ಪಾಗಿ ಓದಬಹುದು. ನಾಯಿಗೆ ಪೂರ್ವಗ್ರಹ ಇಲ್ಲ. ಹಗ್ಗ ಹಿಡಿದ ಮನುಷ್ಯನಿಗೆ ಇರಬಹುದು.

ನಮ್ಮ ನ್ಯಾಯಾಲಯಗಳು ಇದನ್ನು ಚೆನ್ನಾಗಿ ಅರಿತಿವೆ. ಮಹಾರಾಷ್ಟ್ರದಿಂದಲೇ ಹೋದ ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಪ್ರಕರಣದಲ್ಲಿ 1969ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯ ಚರ್ಚಿಸಿತು. ನಾಯಿ ಕಟಕಟೆಗೆ ಬಂದು ಪ್ರಮಾಣ ಮಾಡಿ ಸಾಕ್ಷಿ ಹೇಳಲಾರದು, ಅದನ್ನು ಪಾಟೀಸವಾಲಿಗೆ ಒಳಪಡಿಸಲಾಗದು, ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯ ನಾಯಿಯ ಊಹೆಯ ಮೇಲೆ ನಿಲ್ಲಬಾರದು ಎಂಬ ಆಕ್ಷೇಪಗಳನ್ನು ಪರಿಗಣಿಸಿ, ಇಂಥ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕ ಇಲ್ಲ ಎಂದಿತು. 2001ರಲ್ಲಿ ಆಂಧ್ರದ ಪ್ರಕರಣದಲ್ಲೂ 2008ರಲ್ಲಿ ಅಸ್ಸಾಮಿನ ಪ್ರಕರಣದಲ್ಲೂ ಇದೇ ನಿಲುವು: ತನಿಖೆಗೆ ದಾರಿ ತೋರಿಸಲು ನಾಯಿ ಇರಲಿ, ಶಿಕ್ಷೆ ಕೊಡಲು ಬೇರೆ ಗಟ್ಟಿ ಸಾಕ್ಷ್ಯ ಬೇಕು.

ಅಂದ್ರೆ ನಾಯಿ ನಿಮ್ಮ ಮನೆ ಮುಂದೆ ನಿಂತ ಮಾತ್ರಕ್ಕೆ ನೀವು ಅಪರಾಧಿ ಅಲ್ಲ. ಆದರೆ ಅಷ್ಟರೊಳಗೆ ವಾಟ್ಸ್ಆ್ಯಪ್ ತೀರ್ಪು ಕೊಟ್ಟಿರುತ್ತೆ, ಅದೇ ತೊಂದರೆ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಬ್ಯಾಗ್ ಸಿಕ್ಕಾಗ ಆರೋಪಿ ಯಾರೆಂದು ಗೊತ್ತಾಗುವ ಮೊದಲೇ ಎಷ್ಟು ಮಾತು ಹರಿದಾಡಿದವು! ಎರಡು ದಿನ ಬಿಟ್ಟು ಬೆಂಗಳೂರಿನಲ್ಲಿ ತಾನೇ ಶರಣಾದವನು ಬೇರೆಯೇ ಆಗಿದ್ದ. ಇದನ್ನು ನಾವು ಇನ್ನೊಬ್ಬರಿಗೆ ಹೇಳುವಷ್ಟೇ ನಮಗೂ ಹೇಳಿಕೊಳ್ಳಬೇಕು. ನಮ್ಮೂರ ಯಾರದ್ದೋ ಬಾಗಿಲಲ್ಲಿ ನಾಯಿ ನಿಂತ ವೀಡಿಯೊ ಫಾರ್ವರ್ಡ್ ಮಾಡುವ ಮೊದಲು ಒಂದು ನಿಮಿಷ ತಡೆಯೋಣ.

ನಾಯಿ ಬಂದಾಗ ಏನು ಮಾಡಬೇಕು?

ಓಡಬೇಡಿ, ಕೂಗಬೇಡಿ, ಕೈ ಬೀಸಬೇಡಿ, ನಾಯಿಗೆ ತಿಂಡಿ ಹಾಕಬೇಡಿ. ನಿಂತಲ್ಲೇ ನಿಲ್ಲಿ. ತಾಗುವ ಬಗ್ಗೆ ಸಂಕೋಚ ಇದ್ದರೆ "ಸರ್, ಸ್ವಲ್ಪ ದೂರದಿಂದ ನೋಡ್ಲಿ" ಅಂತ ಹ್ಯಾಂಡ್ಲರ್‌ಗೆ ಮರ್ಯಾದೆಯಿಂದ ಹೇಳಿ. ಬ್ಯಾಗ್ ಕೆಳಗಿಟ್ಟು ಪಕ್ಕಕ್ಕೆ ಸರಿದು ನಿಂತರೂ ಅವರ ಕೆಲಸ ನಡೆಯುತ್ತೆ. ಬೇರೆಯವರ ಪಾರ್ಸೆಲ್, ಒಳಗೇನಿದೆ ಅಂತ ಗೊತ್ತಿಲ್ಲದೆ, "ಸ್ವಲ್ಪ ಊರಿಗೆ ಮುಟ್ಟಿಸು" ಅಂದ್ರು ಅಂತ ತಗೊಂಡು ಹೋಗಲೇಬೇಡಿ. ನಾಯಿ ಹಿಡಿಯೋದು ನಿಮ್ಮ ಕೈಯಲ್ಲಿರುವ ಬ್ಯಾಗನ್ನು, ಕಳಿಸಿದವನನ್ನಲ್ಲ.

ಮನೆ ಶೋಧ ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವೀಡಿಯೊ ಮಾಡಬೇಕು. ಜಪ್ತಿ ಮಾಡಿದ ವಸ್ತುಗಳ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ಮಹಾರಾಷ್ಟ್ರದಲ್ಲಿದ್ದರೂ ಅದೇ ನಂಬರ್.

ಇನ್ನು ನಜಸ್‌ನ ವಿಷಯ

ನಾವು ಬ್ಯಾರಿಗಳು ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ನಾಯಿಯ ಒದ್ದೆ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ. ಇದು ಮದ್ರಸದಲ್ಲೇ ಕಲಿತದ್ದು. ಆದರೆ ಅದರ ಜೊತೆಗೇ ಕಲಿತ ಉಳಿದ ಮಾತು ಮರೆತುಬಿಡ್ತೇವೆ. ಎರಡೂ ಕಡೆ ಒಣಗಿದ್ದರೆ ತಾಗಿದ ಮಾತ್ರಕ್ಕೆ ನಜಸ್ ಆಗಲ್ಲ. ನಾಯಿ ತಾಗಿದರೆ ವುಝೂ ಮುರಿಯಲ್ಲ, ತಾಗಿದ ಜಾಗ ಶುದ್ಧ ಮಾಡಿದರೆ ಸಾಕು. ಸಾಂಗ್ಲಿ-ಮಿರಜ್ ಕಡೆಯ ಹೆಚ್ಚಿನ ಮುಸ್ಲಿಮರು ಹನಫಿಗಳು, ಅವರಲ್ಲಿ ನಾಯಿಯ ಜೊಲ್ಲಿನ ವಿಷಯದಲ್ಲಷ್ಟೇ ಈ ಕಟ್ಟುನಿಟ್ಟು.

ನಜಸ್ ಅಂದ್ರೆ ದ್ವೇಷಿಸಬೇಕು ಅಂತ ಅರ್ಥ ಅಲ್ಲ. ತರಬೇತಿ ಕೊಟ್ಟ ಬೇಟೆನಾಯಿ ಹಿಡಿದದ್ದು ಹಲಾಲ್ ಎಂದು ಕುರ್‌ಆನ್‌ನ ಅಲ್-ಮಾಇದ ಅಧ್ಯಾಯದಲ್ಲೇ ಇದೆ. ಗುಹಾವಾಸಿಗಳ ಜೊತೆ ಬಾಗಿಲು ಕಾದ ನಾಯಿಯ ಪ್ರಸ್ತಾಪ ಅಲ್-ಕಹ್ಫ್‌ನಲ್ಲಿದೆ, ಜುಮಾ ದಿನ ನಾವೆಲ್ಲ ಓದುವ ಅಧ್ಯಾಯ ಅದು. ಬಾಯಾರಿದ ನಾಯಿಗೆ ನೀರು ಕೊಟ್ಟವನ ಪಾಪ ಕ್ಷಮಿಸಲ್ಪಟ್ಟ ಹದೀಸ್ ಗೊತ್ತಿಲ್ಲದವರಿಲ್ಲ. ಬೇಟೆಗೆ, ಜಾನುವಾರು ಮತ್ತು ಬೆಳೆ ಕಾಯಲು ನಾಯಿ ಇಟ್ಟುಕೊಳ್ಳಲು ಅನುಮತಿ ಇದೆ. ಜೀವ ಕಾಯುವ ಕೆಲಸ ಅದಕ್ಕಿಂತ ಸಣ್ಣದೇ?

ಇದನ್ನು ಯಾಕೆ ಹೇಳ್ತಿದ್ದೇವೆ ಅಂದ್ರೆ, ಪೊಲೀಸ್ ಇಲಾಖೆ ಸೇರಬೇಕು ಅನ್ನೋ ನಮ್ಮ ಹುಡುಗರಲ್ಲಿ ಕೆಲವರು "ಶ್ವಾನದಳಕ್ಕೆ ಹಾಕಿದ್ರೆ?" ಅಂತ ಹಿಂಜರಿಯುತ್ತಾರೆ. ಕೆಲಸಕ್ಕೆ ಬೇರೆ ಬಟ್ಟೆ, ಬೇರೆ ಬೂಟು, ನಮಾಝ್‌ಗೆ ಬೇರೆ ಬಟ್ಟೆ ಇಟ್ಟುಕೊಂಡರೆ ಇದು ದಾಟಲಾಗದ ಗೋಡೆ ಅಲ್ಲ. ಸಂಶಯ ಇದ್ದರೆ ನಿಮ್ಮ ಖತೀಬರನ್ನು ಕೇಳಿ, ಆದರೆ ಕೇಳದೆಯೇ ಅರ್ಜಿ ಹರಿದು ಹಾಕಬೇಡಿ. ಹಗ್ಗ ಹಿಡಿದವನ ಮನಸ್ಸು ನಾಯಿಗೂ ತಟ್ಟುತ್ತದೆ ಅಂತ ಮೇಲೆ ಓದಿದ್ದೇವೆ. ಹಾಗಾದರೆ ಹಗ್ಗ ಹಿಡಿಯುವ ಕೈಗಳಲ್ಲಿ ಎಲ್ಲಾ ಸಮುದಾಯದವರೂ ಇರೋದು ಒಳ್ಳೇದಲ್ವಾ?

ಮುಂದಿನ ಸಲ ಮಿರಜ್‌ನಲ್ಲೋ ಮಂಗಳೂರು ಸೆಂಟ್ರಲ್‌ನಲ್ಲೋ ನಾಯಿ ನಿಮ್ಮ ಬ್ಯಾಗ್ ಮೂಸಿದರೆ ಸುಮ್ಮನೆ ನಿಲ್ಲಿ. ಅದು ಮುಂದೆ ಹೋದ ಮೇಲೆ ಹ್ಯಾಂಡ್ಲರ್‌ಗೆ ಒಂದು ಸಲಾಂ ಹೇಳಿ. ರಾತ್ರಿಯೆಲ್ಲಾ ಆ ಪ್ಲಾಟ್‌ಫಾರ್ಮ್ ಮೇಲೆ ನಡೆದು ಅವರ ಕಾಲೂ ಸೋತಿರುತ್ತೆ.